ಓಣಿಯಲ್ಲಿ ಮಗ ಸತ್ತಿದ್ದರೆ: ಫ್ಲ್ಯಾಶ್‌ಪಾಯಿಂಟ್ ಲೋಕದ ಬ್ಯಾಟ್‌ಮನ್

ಗಾಥಮ್ ನಗರದ ಒಂದು ಓಣಿ. ಸಿನಿಮಾ ಮುಗಿಸಿ ಮನೆ ಕಡೆ ಹೊರಟ ಗಂಡ, ಹೆಂಡತಿ, ಅವರ ಪುಟ್ಟ ಮಗ. ಪಿಸ್ತೂಲು ಹಿಡಿದವನೊಬ್ಬ ಅಡ್ಡಗಟ್ಟುತ್ತಾನೆ. ಅಪ್ಪ ಅಮ್ಮ ಅಲ್ಲೇ ಸಾಯುತ್ತಾರೆ, ಮಗ ಉಳಿಯುತ್ತಾನೆ, ಉಳಿದವನು ದೊಡ್ಡವನಾಗಿ ಬ್ಯಾಟ್‌ಮನ್ ಆಗುತ್ತಾನೆ. 1939ರ ನವೆಂಬರ್ ತಿಂಗಳ ‘ಡಿಟೆಕ್ಟಿವ್ ಕಾಮಿಕ್ಸ್’ 33ನೇ ಸಂಚಿಕೆಯಲ್ಲಿ ಬರೀ ಎರಡು ಪುಟಗಳಲ್ಲಿ ಮೂಡಿದ ಪ್ರಸಂಗ ಇದು. ಆಮೇಲೆ ಎಷ್ಟು ಸಲ ಬರೆದರು, ಎಷ್ಟು ಸಲ ತೆರೆಗೆ ತಂದರು ಎಂದರೆ, ಒಂದೂ ಕಾಮಿಕ್ಸ್ ಓದದವರಿಗೂ ಆ ಓಣಿ ಗೊತ್ತು.

2011ರಲ್ಲಿ ಡಿಸಿ ಪ್ರಕಾಶನ ಹೊರತಂದ ‘ಫ್ಲ್ಯಾಶ್‌ಪಾಯಿಂಟ್’ನಲ್ಲಿ ಓಣಿ ಅದೇ, ರಾತ್ರಿ ಅದೇ. ಸತ್ತವನು ಮಾತ್ರ ಮಗ ಬ್ರೂಸ್. ಅಪ್ಪ ಥಾಮಸ್ ವೇಯ್ನ್ ಬ್ಯಾಟ್‌ಮನ್ ಆಗುತ್ತಾನೆ. ಅಮ್ಮ ಮಾರ್ಥಾ, ಮೂಲ ಕತೆಯಲ್ಲಿ ಬ್ಯಾಟ್‌ಮನ್‌ನ ಬದ್ಧ ವೈರಿಯಾದ ಜೋಕರ್ ಆಗುತ್ತಾಳೆ.

ಇದನ್ನು ಒಂದು ಸಾಲಿನಲ್ಲಿ ಕೇಳಿದವರು ಇದನ್ನು ಬೆಚ್ಚಿಬೀಳಿಸುವ ತಂತ್ರ ಎಂದುಕೊಳ್ಳುತ್ತಾರೆ. ಪೂರ್ತಿ ಓದಿದರೆ ಹಾಗಿಲ್ಲ. ಕತ್ತಲ ಪರ್ಯಾಯ ಲೋಕದ ಕಾಮಿಕ್ಸ್ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಎನ್ನುವುದನ್ನು ಬಿಚ್ಚಿ ನೋಡಲು ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ, ಏಕೆಂದರೆ ಎರಡೂ ಇದರಲ್ಲೇ ಇವೆ. ಮುಂದೆ ಕತೆಯನ್ನು ಕೊನೆಯ ಪುಟದವರೆಗೂ ಹೇಳಿದ್ದೇನೆ. ಓದಬೇಕೆಂದಿರುವವರು ಮೊದಲು ಓದಿ ಬನ್ನಿ.

ಮೊದಲು ಕತೆಯ ಅಸ್ತಿಭಾರ. ಫ್ಲ್ಯಾಶ್ ಎಂದರೆ ಬ್ಯಾರಿ ಆಲನ್, ಸೆಂಟ್ರಲ್ ಸಿಟಿ ಪೊಲೀಸ್ ಪ್ರಯೋಗಾಲಯದ ನೌಕರ. ಮಿಂಚು ಬಡಿದು, ಮೈಮೇಲೆ ರಾಸಾಯನಿಕಗಳು ಚೆಲ್ಲಿ, ಅಳತೆಗೆ ಸಿಗದ ವೇಗ ಪಡೆದವನು. ಈ ಬ್ಯಾರಿ ಮೊದಲು ಕಾಣಿಸಿಕೊಂಡಿದ್ದು 1956ರ ‘ಷೋಕೇಸ್’ 4ನೇ ಸಂಚಿಕೆಯಲ್ಲಿ. ಆಗ ಅವನಿಗೆ ಯಾವ ದುಃಖದ ಹಿನ್ನೆಲೆಯೂ ಇರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಬದುಕಿದ್ದರು. 1985ರ ‘ಕ್ರೈಸಿಸ್ ಆನ್ ಇನ್ಫೈನೈಟ್ ಅರ್ಥ್ಸ್’ 8ನೇ ಸಂಚಿಕೆಯಲ್ಲಿ ಅವನನ್ನು ಸಾಯಿಸಿದರು. 2008ರಲ್ಲಿ ಮರಳಿ ತಂದರು. ಹಾಗೆ ಬಂದವನಿಗೆ 2009ರಲ್ಲಿ ಜೆಫ್ ಜಾನ್ಸ್ ಬರೆದು ಈಥನ್ ವ್ಯಾನ್ ಸ್ಕೈವರ್ ಚಿತ್ರಿಸಿದ ‘ಫ್ಲ್ಯಾಶ್: ರೀಬರ್ತ್’ ಒಂದು ಗಾಯ ಕೊಟ್ಟಿತು. ಬ್ಯಾರಿ ಚಿಕ್ಕವನಿದ್ದಾಗ ಅವನ ತಾಯಿ ನೋರಾಳ ಕೊಲೆಯಾಗಿತ್ತು, ಕೊಲೆ ಮಾಡಿದವನು ಭವಿಷ್ಯದಿಂದ ಹಿಂದಕ್ಕೆ ಓಡಿಬಂದ ಇಯೊಬಾರ್ಡ್ ಥಾನ್, ಅಂದರೆ ರಿವರ್ಸ್ ಫ್ಲ್ಯಾಶ್.

ಈ ತಿದ್ದುಪಡಿ ಆಗದಿದ್ದರೆ ‘ಫ್ಲ್ಯಾಶ್‌ಪಾಯಿಂಟ್’ ಹುಟ್ಟುತ್ತಲೇ ಇರಲಿಲ್ಲ. ಎರಡು ವರ್ಷ ಮೊದಲು ನೆಟ್ಟ ಬೀಜ ಅದು. ಓದುಗರಿಗೆ ಆ ಸಾವು ಸತ್ಯವೆಂದು ಒಗ್ಗಿದ ಮೇಲೆಯೇ, ಆ ಸಾವು ನಡೆಯದ ಲೋಕವನ್ನು ತೋರಿಸಿದರು.

ಜಾನ್ಸ್ ಅವರೇ ಬರೆದು ಆಂಡಿ ಕ್ಯೂಬರ್ಟ್ ಚಿತ್ರಿಸಿದ ಮುಖ್ಯ ಕತೆ ಐದು ಸಂಚಿಕೆಗಳದ್ದು. ಬ್ಯಾರಿ ಕಚೇರಿಯ ಮೇಜಿನ ಮೇಲೆ ತಲೆಯಿಟ್ಟು ಮಲಗಿದವನು ಏಳುತ್ತಾನೆ. ವೇಗ ಹೋಗಿದೆ. ಹೆಂಡತಿ ಐರಿಸ್ ತನ್ನ ಹೆಂಡತಿಯಲ್ಲ. ಹೊರಗೆ ಬಂದರೆ ತಾಯಿ ಎದುರಿಗೆ ನಿಂತಿದ್ದಾಳೆ, ಜೀವಂತ. ಲೋಕ ಮಾತ್ರ ಗುರುತು ಸಿಗದಂತಾಗಿದೆ. ಪಶ್ಚಿಮ ಯುರೋಪನ್ನು ಕಡಲ ರಾಜ್ಯದ ಅರಸ ಅಕ್ವಾಮನ್ ಸಮುದ್ರದಲ್ಲಿ ಮುಳುಗಿಸಿದ್ದಾನೆ. ಬ್ರಿಟನ್ನು ವಂಡರ್ ವುಮನ್‌ನ ಅಮೆಜಾನ್ ಸೈನ್ಯದ ಕೈಯಲ್ಲಿದೆ. ಸೂಪರ್‌ಮನ್ ಎಂಬ ಹೆಸರನ್ನೇ ಯಾರೂ ಕೇಳಿಲ್ಲ. ಇದು ಥಾನ್‌ನದೇ ಕೈವಾಡ ಎಂದು ನಂಬಿದ ಬ್ಯಾರಿ, ಸಹಾಯಕ್ಕೆಂದು ತನಗೆ ಗೊತ್ತಿರುವ ಒಂದೇ ವಿಳಾಸಕ್ಕೆ ಕಾರು ಓಡಿಸುತ್ತಾನೆ: ವೇಯ್ನ್ ಬಂಗಲೆಯ ಕೆಳಗಿನ ಗುಹೆ. ಅಲ್ಲಿ ಕತ್ತಲಿಂದ ಎರಗಿದವನನ್ನು ಅವನು ಬ್ರೂಸ್ ಎಂದು ಕರೆಯುತ್ತಾನೆ. ಎದುರಿಗಿದ್ದವನು ಬ್ರೂಸ್‌ನ ಅಪ್ಪ.

ಥಾಮಸ್ ಆ ಹೆಸರು ಕೇಳಿ ಕರಗುವುದಿಲ್ಲ. ಬ್ಯಾರಿಯ ಬೆರಳು ಮುರಿಯುತ್ತಾನೆ. ಸತ್ತ ಮಗನ ಹೆಸರನ್ನು ಹೇಳಿಕೊಂಡು ಬಂದ ಅಪರಿಚಿತ ಅವನ ಕಣ್ಣಿಗೆ ಮೋಸಗಾರ. ಇಲ್ಲಿಂದ ಎರಡು, ಮೂರನೇ ಸಂಚಿಕೆಗಳು ನಡೆಯುವ ರೀತಿಯನ್ನು ಗಮನವಿಟ್ಟು ನೋಡಬೇಕು. ಬ್ಯಾರಿಗೆ ವೇಗ ಮರಳಬೇಕಾದರೆ ಹಳೆಯ ಅಪಘಾತವನ್ನೇ ಮತ್ತೆ ನಡೆಸಬೇಕು: ಒಂದು ಕುರ್ಚಿ, ಸುತ್ತ ರಾಸಾಯನಿಕಗಳು, ಮೇಲೆ ಬಿರುಗಾಳಿಯ ಆಕಾಶ. ಮೊದಲ ಸಲ ಮಿಂಚು ಬಡಿದಾಗ ಮೈ ಸುಟ್ಟಿತೇ ಹೊರತು ವೇಗ ಬರಲಿಲ್ಲ. ಸುಟ್ಟ ಮೈಗೆ ಪಟ್ಟಿ ಕಟ್ಟುವವನು ಥಾಮಸ್, ಏಕೆಂದರೆ ಮುಖವಾಡ ಹಾಕುವ ಮೊದಲು ಅವನು ಶಸ್ತ್ರವೈದ್ಯ. ಎರಡನೇ ಸಲಕ್ಕೆ ಕೆಲಸವಾಗುತ್ತದೆ. ಇನ್ನೊಂದು ಕಡೆ ಗಡಿಯಾರ ಓಡುತ್ತಿದೆ. ಬ್ಯಾರಿಯ ತಲೆಯೊಳಗಿನ ನೆನಪುಗಳು ಒಂದೊಂದಾಗಿ ಈ ಹೊಸ ಲೋಕದ ನೆನಪುಗಳಾಗಿ ಬದಲಾಗುತ್ತಿವೆ. ತಡವಾದರೆ ತಾನು ಸರಿಪಡಿಸಬೇಕಾದ್ದು ಏನೆಂಬುದೇ ಮರೆತುಹೋಗುತ್ತದೆ. ಕಾಲಪ್ರಯಾಣದ ಕತೆಗಳಲ್ಲಿ ಆತುರ ಹುಟ್ಟಿಸುವುದು ಬಹಳ ಕಷ್ಟ. ಹಿಂದಕ್ಕೆ ಓಡಬಲ್ಲವನಿಗೆ ಇವತ್ತಾದರೇನು ನಾಳೆಯಾದರೇನು? ಜಾನ್ಸ್ ಆ ತೊಡಕನ್ನು ಈ ಒಂದು ಕೀಲಿನಿಂದ ಬಿಡಿಸಿದ್ದಾರೆ.

ಇನ್ನು ಲೋಕ ಹೀಗಾದದ್ದು ಯಾರಿಂದ ಎನ್ನುವುದು ಐದನೇ ಸಂಚಿಕೆಯವರೆಗೂ ಗುಟ್ಟು. ಥಾನ್ ಎದುರು ನಿಂತು ಬಾಯಿಬಿಡುತ್ತಾನೆ: ಇದನ್ನು ಮಾಡಿದ್ದು ಅವನಲ್ಲ, ಬ್ಯಾರಿಯೇ. ತಾಯಿಯನ್ನು ಉಳಿಸಲು ಹಿಂದಕ್ಕೆ ಓಡಿ ಕೊಲೆಯನ್ನು ತಡೆದವನು ಬ್ಯಾರಿಯೇ. ಆ ಓಟದ ಪೆಟ್ಟಿಗೆ ಇತಿಹಾಸ ಗಾಜಿನಂತೆ ಸೀಳಿತು. ಶಬ್ದದ ವೇಗ ಮೀರಿದ ವಿಮಾನದ ಗುಡುಗಿಗೆ ಸುತ್ತಲಿನ ಕಿಟಕಿಗಳು ಒಡೆಯುವಂತೆ, ಆ ಕ್ಷಣದ ಮುಂದಿನದೂ ಹಿಂದಿನದೂ ಎರಡೂ ಒಡೆದವು ಎನ್ನುವುದು ಅಲ್ಲಿ ಕೊಡುವ ವಿವರಣೆ.

ಈ ವಿವರಣೆಯೇ ಇಡೀ ಕಟ್ಟಡದ ದುರ್ಬಲ ಕಂಬ. ಕತ್ತಲ ಪರ್ಯಾಯ ಲೋಕ ನಿಲ್ಲುವುದು ಕಾರಣ-ಪರಿಣಾಮಗಳ ಬಿಗಿಯ ಮೇಲೆ. ಒಂದನ್ನು ಬದಲಿಸಿ, ಉಳಿದದ್ದೆಲ್ಲ ಅದರಿಂದಲೇ ಹುಟ್ಟಬೇಕು. 2003ರಲ್ಲಿ ಬಂದ ಮೂರು ಸಂಚಿಕೆಗಳ ‘ಸೂಪರ್‌ಮನ್: ರೆಡ್ ಸನ್’ ಇದನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ಮಗುವನ್ನು ಹೊತ್ತ ನೌಕೆ ಹನ್ನೆರಡು ಗಂಟೆ ವ್ಯತ್ಯಾಸದಲ್ಲಿ ಭೂಮಿಗೆ ಬರುತ್ತದೆ. ಅಷ್ಟರಲ್ಲಿ ಭೂಮಿ ಅರ್ಧ ಸುತ್ತು ತಿರುಗಿದೆ. ಹಾಗಾಗಿ ಅದು ಇಳಿಯುವುದು ಅಮೆರಿಕದ ಕಾನ್ಸಾಸಿನಲ್ಲಲ್ಲ, ಸೋವಿಯತ್ ಉಕ್ರೇನಿನ ಸಾಮೂಹಿಕ ಕೃಷಿ ಕ್ಷೇತ್ರದಲ್ಲಿ. ಮುಂದಿನದನ್ನು ಓದುಗನೇ ಊಹಿಸುತ್ತಾ ಹೋಗಬಹುದು. 1995ರಲ್ಲಿ ಮಾರ್ವೆಲ್ ತಂದ ‘ಏಜ್ ಆಫ್ ಅಪೊಕ್ಯಾಲಿಪ್ಸ್’ ಕೂಡ ಹಾಗೆಯೇ. ಪ್ರೊಫೆಸರ್ ಎಕ್ಸ್‌ನ ಮಗ ಲೀಜನ್, ಅಪ್ಪನ ಕನಸಿಗೆ ಅಡ್ಡವಾಗುವ ಮ್ಯಾಗ್ನೆಟೊವನ್ನು ಮೊದಲೇ ಮುಗಿಸಲು ಇಪ್ಪತ್ತು ವರ್ಷ ಹಿಂದಕ್ಕೆ ಹೋಗುತ್ತಾನೆ. ಗೆಳೆಯನನ್ನು ಉಳಿಸಲು ಅಡ್ಡಬಂದ ಅಪ್ಪನೇ ಸಾಯುತ್ತಾನೆ. ಎಕ್ಸ್-ಮೆನ್ ತಂಡ ಕಟ್ಟಬೇಕಾದವನೇ ಇಲ್ಲ. ಕಣ್ಣೆದುರು ಸತ್ತ ಗೆಳೆಯನ ಕನಸನ್ನು ಮ್ಯಾಗ್ನೆಟೊ ಹೊರುತ್ತಾನೆ. ಮಾರ್ವೆಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎಕ್ಸ್ ಬಳಗದ ಎಂಟು ಪತ್ರಿಕೆಗಳನ್ನೂ ನಿಲ್ಲಿಸಿ, ಅವುಗಳ ಜಾಗದಲ್ಲಿ ನಾಲ್ಕು ತಿಂಗಳು ಬೇರೆ ಹೆಸರಿನ ಎಂಟು ಪತ್ರಿಕೆಗಳನ್ನು ತಂದಿತು. ‘ವುಲ್ವರಿನ್’ ಹೋಗಿ ‘ವೆಪನ್ ಎಕ್ಸ್’ ಬಂತು, ‘ಕೇಬಲ್’ ಹೋಗಿ ‘ಎಕ್ಸ್-ಮ್ಯಾನ್’ ಬಂತು. ಅಂಗಡಿಗೆ ಹೋದ ಓದುಗನ ಕೈಗೂ ಹಳೆಯ ಲೋಕ ಸಿಗದಂತೆ ಮಾಡಿದರು.

ಫ್ಲ್ಯಾಶ್‌ಪಾಯಿಂಟಿನಲ್ಲಿ ಆ ಬಿಗಿ ಇಲ್ಲ. ನೋರಾ ಬದುಕಿದ್ದಕ್ಕೂ ಮಗು ಸೂಪರ್‌ಮನ್‌ನನ್ನು ಹೊತ್ತ ಕ್ರಿಪ್ಟಾನ್ ಗ್ರಹದ ನೌಕೆ ಮೆಟ್ರೊಪೊಲಿಸ್ ನಗರದ ಮೇಲೆಯೇ ಬಿದ್ದದ್ದಕ್ಕೂ ಏನು ಸಂಬಂಧ? ನೋರಾ ಬದುಕಿದ್ದಕ್ಕೂ, ಅಕ್ವಾಮನ್ ಮತ್ತು ವಂಡರ್ ವುಮನ್‌ರ ಮದುವೆಯ ದಿನ ರಾಣಿ ಹಿಪಾಲಿಟಾ ಕೊಲೆಯಾಗಿ ಎರಡು ರಾಜ್ಯಗಳು ಯುದ್ಧಕ್ಕಿಳಿದದ್ದಕ್ಕೂ? ಗಾಜು ಒಡೆಯಿತು ಎಂದರೆ ಯಾವ ಚೂರು ಎಲ್ಲಿ ಬೇಕಾದರೂ ಬೀಳಬಹುದು. ಆಗ ಬರಹಗಾರನಿಗೆ ಮನಸ್ಸಿಗೆ ಬಂದದ್ದನ್ನೆಲ್ಲ ಮಾಡುವ ಪರವಾನಗಿ ಸಿಕ್ಕಂತೆ. ಪರವಾನಗಿಯನ್ನು ಮಿತಿಮೀರಿ ಬಳಸಿದ್ದೂ ಕಾಣುತ್ತದೆ. ಮುಖ್ಯ ಐದು ಸಂಚಿಕೆಗಳ ಜೊತೆಗೆ ತಲಾ ಮೂರು ಸಂಚಿಕೆಗಳ ಹದಿನಾರು ಉಪಕತೆಗಳನ್ನು ತಂದರು. ಅಲ್ಲಿಗೇ 48 ಸಂಚಿಕೆ. ಅದರ ಮೇಲೆ ಬಿಡಿ ಸಂಚಿಕೆಗಳು ಬೇರೆ. ಡೆತ್‌ಸ್ಟ್ರೋಕ್ ಎಂಬ ಬಾಡಿಗೆ ಕೊಲೆಗಾರ ಇಲ್ಲಿ ಕಡಲ್ಗಳ್ಳ, ಮೂಲದಲ್ಲಿ ಬ್ಯಾಟ್‌ಮನ್‌ನ ಜೊತೆಗಾರ ರಾಬಿನ್ ಆದ ಹುಡುಗನ ಗ್ರೇಸನ್ ಕುಟುಂಬ ಇನ್ನೂ ಸರ್ಕಸ್ಸಿನಲ್ಲಿ, ಕ್ಯಾಪ್ಟನ್ ಕೋಲ್ಡ್ ಎಂಬ ಖಳ ಇಲ್ಲಿ ಊರಿನ ಹೀರೋ. ‘ದಿ ಔಟ್‌ಸೈಡರ್’ ಎಂಬ ಉಪಕತೆಯ ನಾಯಕ ಭಾರತೀಯ, ಮೈಕೆಲ್ ದೇಸಾಯಿ. ಬೆಳಗಾವಿ-ಧಾರವಾಡದ ಕಡೆಯವರಿಗೆ ಮನೆಮಾತಾದ ಅಡ್ಡಹೆಸರನ್ನು ಡಿಸಿ ಪುಟದಲ್ಲಿ ನೋಡುವುದು ಒಂದು ಕ್ಷಣದ ಖುಷಿ. ಆದರೆ ಆ ಪಾತ್ರಕ್ಕೆ ಹೋಲಿಸಿ ನೋಡಲು ಮೂಲ ಲೋಕದಲ್ಲಿ ಪರಿಚಿತನಾದ ದೇಸಾಯಿ ಇಲ್ಲ. ಪರ್ಯಾಯ ಲೋಕದ ಪಾತ್ರಕ್ಕೆ ಅರ್ಧ ಶಕ್ತಿ ಬರುವುದೇ ಮೂಲದ ನೆನಪಿನಿಂದ. ಆ ನೆನಪಿಲ್ಲದಿದ್ದರೆ ಅದು ಇನ್ನೊಂದು ಕತೆ, ಅಷ್ಟೇ.

ಯುದ್ಧದ ಭಾಗ ಸೊರಗುವುದೂ ಇದೇ ಕಾರಣಕ್ಕೆ. ಖಂಡವೇ ಮುಳುಗಿತು ಎಂದರೆ ತಲೆಗೆ ಹೋಗುತ್ತದೆ, ಎದೆಗೆ ಇಳಿಯುವುದಿಲ್ಲ. ಹಾಲ್ ಜೋರ್ಡನ್ ಇಲ್ಲಿ ಗ್ರೀನ್ ಲ್ಯಾಂಟರ್ನ್ ಎಂಬ ಹೀರೋ ಆಗದೆ ಬರೀ ಪೈಲಟ್ ಆಗಿ ಉಳಿದು, ಯುದ್ಧದಲ್ಲಿ ಸಾಯುತ್ತಾನೆ. ಲೋಕ ಮತ್ತೆ ಮೊದಲಿನಂತಾಗುತ್ತದೆ ಎಂದು ಓದುಗನಿಗೆ ಗೊತ್ತಿರುವಾಗ, ಆ ಸಾವಿಗೆ ತೂಕ ಎಲ್ಲಿಂದ ಬರಬೇಕು? ಪರ್ಯಾಯ ಲೋಕ ಬರೆಯುವವರು ಬಹಳ ಸಲ ಜಾರುವ ಜಾಗ ಇದೇ. ಎಲ್ಲರನ್ನೂ ಸಾಯಿಸುವ ಸ್ವಾತಂತ್ರ್ಯ ಸಿಕ್ಕಿತೆಂದು ಸಾಯಿಸುತ್ತಾ ಹೋಗುತ್ತಾರೆ. ಮೂರನೆಯ ಹೆಣಕ್ಕೇ ಓದುಗ ಮರಗಟ್ಟಿರುತ್ತಾನೆ.

ಅದೇ ಪುಸ್ತಕದಲ್ಲಿ ಇದಕ್ಕೆ ತದ್ವಿರುದ್ಧವಾದ ಪುಟವೂ ಇದೆ. ಬ್ಯಾರಿ, ಥಾಮಸ್ ಮತ್ತು ಅರ್ಧ ಯಂತ್ರದ ದೇಹದ ಹೀರೋ ಸೈಬೋರ್ಗ್ ಸರ್ಕಾರದ ನೆಲಮಾಳಿಗೆಯ ಪ್ರಯೋಗಾಲಯಕ್ಕೆ ನುಗ್ಗಿ ಬಾಗಿಲು ತೆರೆದಾಗ ಒಳಗೆ ಸಿಗುವುದು ಎಲುಬಿನ ಹಂದರದಂಥ ಒಬ್ಬ ಬಿಳಿಚಿದ ಯುವಕ. ನೌಕೆಯಲ್ಲಿ ಬಂದ ಮಗುವನ್ನು ಸರ್ಕಾರ ಅಂದಿನಿಂದ ಇಂದಿನವರೆಗೆ ಒಳಗೇ ಇಟ್ಟಿದೆ. ಅವನ ಶಕ್ತಿಯೆಲ್ಲ ಬರುವುದು ನಮ್ಮ ಹಳದಿ ಸೂರ್ಯನಿಂದ. ಸೂರ್ಯನನ್ನು ಅವನು ನೋಡಿಯೇ ಇಲ್ಲ. ಇಲ್ಲಿ ಯಾರೂ ಸೂಪರ್‌ಮನ್‌ನನ್ನು ಕೆಟ್ಟವನಾಗಿ ಮಾಡಿಲ್ಲ, ಅವನ ಕೈಗೆ ಆಯುಧ ಕೊಟ್ಟಿಲ್ಲ. ಅವನಿಂದ ಎರಡನ್ನು ಕಿತ್ತುಕೊಂಡಿದ್ದಾರೆ: ಅವನನ್ನು ಸಾಕಬೇಕಿದ್ದ ಕೆಂಟ್ ದಂಪತಿಯ ಮನೆ, ಬಿಸಿಲು. ಉಳಿದದ್ದನ್ನು ಆ ಸಣಕಲು ತೋಳುಗಳೇ ಹೇಳುತ್ತವೆ. ಕತ್ತಲನ್ನು ತರಲು ಸೇರಿಸುವುದಕ್ಕಿಂತ ಕಳೆಯುವುದು ಹೆಚ್ಚು ಫಲ ಕೊಡುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ಓಣಿಗೆ ಮರಳೋಣ. ಹದಿನಾರು ಉಪಕತೆಗಳಲ್ಲಿ ಒಂದು ‘ಬ್ಯಾಟ್‌ಮನ್: ನೈಟ್ ಆಫ್ ವೆಂಜನ್ಸ್’. ಬರೆದವರು ಬ್ರಯಾನ್ ಅಜರೆಲ್ಲೊ, ಚಿತ್ರ ಎಡ್ವಾರ್ಡೊ ರಿಸ್ಸೊ. 1999ರಿಂದ 2009ರವರೆಗೆ ಒಂದೇ ಅಪರಾಧ ಕಥನವನ್ನು ನೂರು ಸಂಚಿಕೆಗಳ ಉದ್ದಕ್ಕೂ ಜೊತೆಯಾಗಿ ನಡೆಸಿದ ಜೋಡಿ ಇದು. ಒಬ್ಬರ ಕೈ ಇನ್ನೊಬ್ಬರಿಗೆ ಪಳಗಿದೆ. ರಿಸ್ಸೊ ಬೆಳಕನ್ನು ಬಿಡಿಸುವುದಕ್ಕಿಂತ ಹೆಚ್ಚಾಗಿ ಕಪ್ಪನ್ನು ಬಿಡಿಸುತ್ತಾರೆ. ಆಕೃತಿಯ ಅರ್ಧ ಭಾಗ ಯಾವಾಗಲೂ ನೆರಳಿನಲ್ಲಿ ಕರಗಿರುತ್ತದೆ. ಹಾಗಾಗಿ ಜೋಕರ್‌ನ ಗುರುತನ್ನು ಎರಡನೇ ಸಂಚಿಕೆಯ ಕೊನೆಯವರೆಗೂ ಮುಚ್ಚಿಡಲು ಅವರಿಗೆ ಯಾವ ಕಸರತ್ತೂ ಬೇಕಾಗಿಲ್ಲ. ಎಲ್ಲರೂ ಅರೆಗತ್ತಲಲ್ಲಿರುವ ಊರಲ್ಲಿ ಒಬ್ಬರು ಅರೆಗತ್ತಲಲ್ಲಿದ್ದರೆ ಅದು ಎದ್ದು ಕಾಣುವುದಿಲ್ಲ.

ಇಲ್ಲಿನ ಗಾಥಮ್ ಹೇಗಿದೆ ನೋಡಿ. ವೇಯ್ನ್ ಸಂಪತ್ತು ಅನಾಥಾಲಯಕ್ಕೆ ಹೋಗುತ್ತಿಲ್ಲ, ಜೂಜಿನ ಕ್ಯಾಸಿನೊಗಳಿಗೆ ಹೋಗಿದೆ. ಪೊಲೀಸ್ ಇಲಾಖೆ ಖಾಸಗಿಯಾಗಿ ವೇಯ್ನ್ ಕೈಗೆ ಬಂದಿದೆ, ಅದರ ಮುಖ್ಯಸ್ಥ ಜಿಮ್ ಗಾರ್ಡನ್‌ಗೆ ಬ್ಯಾಟ್‌ಮನ್ ಯಾರೆಂದು ಗೊತ್ತು. ಪೆಂಗ್ವಿನ್ ಎಂಬ ಖಳ ಆಸ್ವಾಲ್ಡ್ ಕಾಬಲ್‌ಪಾಟ್ ಥಾಮಸ್‌ನ ನೌಕರ. ಕಂಪ್ಯೂಟರ್ ಮುಂದೆ ಕೂತು ಸುಳಿವು ಕೊಡುವ ಓರಕಲ್ ಇಲ್ಲಿ ಜಿಮ್‌ನ ಮಗಳು ಬಾರ್ಬರಾ ಗಾರ್ಡನ್ ಅಲ್ಲ, ಮೂಲದಲ್ಲಿ ಕ್ಯಾಟ್‌ವುಮನ್ ಆದ ಸೆಲಿನಾ ಕೈಲ್. ಥಾಮಸ್‌ನ ಉಡುಪಿನಲ್ಲಿ ಹಳದಿ ಇರಬೇಕಾದ ಕಡೆ ಕೆಂಪು, ಕಣ್ಣುಗಳೂ ಕೆಂಪು, ಸೊಂಟದಲ್ಲಿ ಪಿಸ್ತೂಲು. ಬ್ರೂಸ್ ಪಿಸ್ತೂಲು ಮುಟ್ಟದವನು, ಏಕೆಂದರೆ ಅವನ ಅಪ್ಪ ಅಮ್ಮನನ್ನು ಕೊಂದದ್ದು ಅದೇ. ಮಗನನ್ನು ಕೊಂದ ಆಯುಧವನ್ನೇ ಅಪ್ಪ ಸೊಂಟಕ್ಕೆ ಕಟ್ಟಿಕೊಂಡಿದ್ದಾನೆ. ಮೊದಲ ಸಂಚಿಕೆಯಲ್ಲೇ ಕಿಲ್ಲರ್ ಕ್ರಾಕ್ ಎಂಬ ಖಳನನ್ನು ಚರಂಡಿಯಲ್ಲಿ ಕೊಂದು ಹಾಕುತ್ತಾನೆ. ಮಗುವಾಗಿದ್ದಾಗ ಅಪ್ಪ ಅಮ್ಮನನ್ನು ಕಳೆದುಕೊಂಡವನು, ಇನ್ನು ಯಾರೂ ಹೀಗೆ ಸಾಯಬಾರದು ಎಂದು ಪಣ ತೊಡಬಹುದು, ಅವನ ಮುಂದೆ ಇಡೀ ಬಾಳು ಇದೆ. ನಡುವಯಸ್ಸಿನಲ್ಲಿ ಮಗನನ್ನು ಕಳೆದುಕೊಂಡವನ ಮುಂದೆ ಏನಿದೆ? ದುಃಖ ಒಂದೇ, ಆದರೆ ಹೊತ್ತವನ ವಯಸ್ಸು ಬೇರೆಯಾದ್ದರಿಂದ ಬ್ಯಾಟ್‌ಮನ್ ಬೇರೆಯಾದ. ಇಲ್ಲಿ ಕಾರಣ-ಪರಿಣಾಮದ ಬಿಗಿ ಪೂರ್ತಿ ಇದೆ.

ಕತೆಯ ಎಳೆ ಚಿಕ್ಕದು. ನ್ಯಾಯಾಧೀಶ ಹಾರ್ವಿ ಡೆಂಟ್‌ನ ಅವಳಿ ಮಕ್ಕಳನ್ನು ಜೋಕರ್ ಅಪಹರಿಸಿದ್ದಾನೆ ಎಂದು ಸುದ್ದಿ. ಮಕ್ಕಳಿರುವ ಜಾಗ ತಿಳಿದ ಗಾರ್ಡನ್, ಬ್ಯಾಟ್‌ಮನ್‌ಗಾಗಿ ಕಾಯದೆ ಒಬ್ಬನೇ ನುಗ್ಗುತ್ತಾನೆ. ಕತ್ತಲಲ್ಲಿ ಕಂಡ ಜೋಕರ್ ವೇಷಕ್ಕೆ ಗುಂಡು ಹಾರಿಸುತ್ತಾನೆ. ಬಿದ್ದದ್ದು ಡೆಂಟ್‌ನ ಮಗಳು. ಬಾಯಿ ಕಟ್ಟಿ, ಜೋಕರ್ ವೇಷ ಹಾಕಿ ಅವಳನ್ನು ಅಲ್ಲಿ ಕೂರಿಸಲಾಗಿತ್ತು. ಗಾರ್ಡನ್ ದಿಗ್ಭ್ರಮೆಯಲ್ಲಿರುವಾಗಲೇ ನಿಜವಾದ ಜೋಕರ್ ಹಿಂದಿನಿಂದ ಬಂದು ಅವನ ಗಂಟಲು ಸೀಳುತ್ತದೆ. ಆಮೇಲೆ ಬಂದ ಬ್ಯಾಟ್‌ಮನ್, ಜೋಕರ್‌ನನ್ನು ಹೆಸರಿಡಿದು ಕರೆಯುತ್ತಾನೆ: ಮಾರ್ಥಾ.

ತಾಯಿಯೊಬ್ಬಳು ಮಕ್ಕಳನ್ನೇ ಕದಿಯುವುದು, ಮಗುವಿಗೆ ಗುಂಡು ಬೀಳುವ ಹಾಗೆ ಹೂಡುವುದು ಸುಮ್ಮನೆ ಆಯ್ದ ಅಪರಾಧವಲ್ಲ. ಅದು ಆ ಓಣಿಯ ಮರುಪ್ರದರ್ಶನ. ಮಾರ್ಥಾ ಆ ರಾತ್ರಿಯಿಂದ ಆಚೆ ಬಂದೇ ಇಲ್ಲ. ಮೂರನೇ ಸಂಚಿಕೆ ಹಿಂದಕ್ಕೆ ಹೋಗಿ, ಮಗನ ರಕ್ತದ ಮುಂದೆ ಕೂತ ತಾಯಿ ಅಳುವಿನಿಂದ ನಗುವಿಗೆ ಜಾರಿದ್ದನ್ನೂ, ಆ ನಗು ಮಾಸದಂತೆ ತನ್ನ ಕೆನ್ನೆಯನ್ನೇ ಕುಯ್ದುಕೊಂಡದ್ದನ್ನೂ ತೋರಿಸುತ್ತದೆ. ಜೋಕರ್ ಎಂಬ ಪಾತ್ರ ಏಕೆ ನಗುತ್ತದೆ ಎನ್ನುವುದಕ್ಕೆ ಹಲವು ದಶಕಗಳಲ್ಲಿ ರಾಸಾಯನಿಕದ ಹೊಂಡದಿಂದ ಹಿಡಿದು ಹಲವು ಕಾರಣ ಕೊಟ್ಟಿದ್ದಾರೆ. ಇಲ್ಲಿನ ಕಾರಣಕ್ಕೆ ಹೊಂಡವೂ ಬೇಕಿಲ್ಲ, ವಿಷವೂ ಬೇಕಿಲ್ಲ. ಮಗನಿಲ್ಲದ ಮನೆ ಸಾಕು.

ಮೂರನೇ ಸಂಚಿಕೆಯ ಕೊನೆಯ ಪುಟಗಳಲ್ಲಿ ಥಾಮಸ್ ಹೆಂಡತಿಗೆ ಬ್ಯಾರಿ ತಂದ ಸುದ್ದಿ ಹೇಳುತ್ತಾನೆ. ಇನ್ನೊಂದು ಲೋಕವಿದೆ. ಅಲ್ಲಿ ಅಂದು ರಾತ್ರಿ ಸತ್ತದ್ದು ನಾವಿಬ್ಬರು, ಬ್ರೂಸ್ ಬದುಕಿದ್ದಾನೆ. ಆ ಲೋಕವನ್ನು ಮರಳಿ ತರಬಹುದು. ಮಾರ್ಥಾ ಒಪ್ಪುತ್ತಾಳೆ. ಅದುವರೆಗಿನ ಹುಚ್ಚೆಲ್ಲ ಇಳಿದು, ಒಂದು ಕ್ಷಣ ಅಲ್ಲಿ ಬರೀ ತಾಯಿ ಇದ್ದಾಳೆ. ಆಮೇಲೆ ಕೇಳುತ್ತಾಳೆ, ಅಲ್ಲಿ ನಮ್ಮ ಮಗ ಏನಾಗುತ್ತಾನೆ? ಥಾಮಸ್ ಸುಳ್ಳು ಹೇಳಬಹುದಿತ್ತು. ಹೇಳುವುದಿಲ್ಲ. ಅವನು ನಾನೇ ಆಗುತ್ತಾನೆ, ಇದೇ ವೇಷ ತೊಡುತ್ತಾನೆ ಎಂದಾಗ ಮಾರ್ಥಾ ಚೀರಿಕೊಂಡು ಓಡುತ್ತಾಳೆ. ಮೂಲ ಲೋಕದ ಬ್ರೂಸ್ ಹುಡುಗನಾಗಿದ್ದಾಗ ಬಿದ್ದ, ಬಾವಲಿಗಳಿರುವ ಅದೇ ಗುಹೆಗೆ ಬಿದ್ದು ಸಾಯುತ್ತಾಳೆ.

ಇಡೀ ಫ್ಲ್ಯಾಶ್‌ಪಾಯಿಂಟಿನಲ್ಲಿ ಮೂವರು ಹೆತ್ತವರಿಗೆ ಒಂದೇ ಪ್ರಶ್ನೆ ಬರುತ್ತದೆ. ಮಗ ಬದುಕುವ ಲೋಕಕ್ಕಾಗಿ, ಅಥವಾ ಮಗ ಸರಿಪಡಿಸಬೇಕಾದ ಲೋಕಕ್ಕಾಗಿ, ನೀನು ಇಲ್ಲವಾಗುತ್ತೀಯಾ? ನೋರಾಳಿಗೆ ಬ್ಯಾರಿ ಐದನೇ ಸಂಚಿಕೆಯಲ್ಲಿ ನಿಜ ಹೇಳುತ್ತಾನೆ, ಅವಳು ಹೋಗು ಎನ್ನುತ್ತಾಳೆ. ಥಾಮಸ್‌ಗೆ ಆಯ್ಕೆಯೇ ಕಷ್ಟವಲ್ಲ. ಬ್ರೂಸ್ ಉಳಿದಿದ್ದಾನೆ ಎಂಬ ಮಾತು ನಂಬಿಕೆಗೆ ಬಂದ ಕ್ಷಣದಿಂದ ಅವನು ತನ್ನನ್ನು ಸತ್ತವನ ಲೆಕ್ಕಕ್ಕೇ ಸೇರಿಸಿಕೊಂಡಿದ್ದಾನೆ. ಮೂವರಲ್ಲಿ ಎರಡನೇ ಪ್ರಶ್ನೆ ಕೇಳಿದವಳು ಮಾರ್ಥಾ ಒಬ್ಬಳೇ. ಉಳಿದ ಮಗ ಸುಖವಾಗಿರುತ್ತಾನಾ? ಎಪ್ಪತ್ತು ವರ್ಷ ಬ್ಯಾಟ್‌ಮನ್ ಕತೆಯನ್ನು ಸಾಹಸವೆಂದು ಓದಿದ ನಾವೂ ಆ ಪ್ರಶ್ನೆಯನ್ನು ಕೇಳಿರಲಿಲ್ಲ. ಅವಳ ಕಣ್ಣಿನಿಂದ ನೋಡಿದರೆ, ನಮಗೆ ಪ್ರಿಯವಾದ ಆ ಮೂಲ ಲೋಕವೇ ಒಂದು ಕತ್ತಲ ಪರ್ಯಾಯ ಲೋಕ. ಮೂರು ತೆಳ್ಳನೆಯ ಸಂಚಿಕೆಗಳಲ್ಲಿ ಅಜರೆಲ್ಲೊ ಮತ್ತು ರಿಸ್ಸೊ ಮಾಡಿದ ದೊಡ್ಡ ಕೆಲಸ ಇದು: ಕನ್ನಡಿಯನ್ನು ತಿರುಗಿಸಿ ಮೂಲದ ಕಡೆಗೇ ಹಿಡಿದರು.

ತಾವೇ ಇಂಥದ್ದನ್ನು ಬರೆಯುವವರು, ಬಿಡಿಸುವವರು ಈ ಮೂರು ಸಂಚಿಕೆಗಳನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು. ಮೊದಲು ಮೂಲ ಕತೆಯಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಕ್ಷಣವನ್ನು ಆರಿಸಿ, ಒಂದನ್ನು ಮಾತ್ರ. ಆ ಕ್ಷಣದಲ್ಲಿ ಅಲ್ಲಿ ನಿಂತವರು ಯಾರೆಂದು ಪಟ್ಟಿ ಮಾಡಿ. ಓಣಿಯಲ್ಲಿ ನಿಂತವರು ನಾಲ್ವರು: ಅಪ್ಪ, ಅಮ್ಮ, ಮಗ, ಕೊಲೆಗಾರ. ಕತೆ ಈ ನಾಲ್ವರಿಂದ ದೂರ ಹೋದಷ್ಟೂ ತೆಳುವಾಗುತ್ತದೆ. ಹೊಸ ಗಾಯ ಹುಡುಕಬೇಡಿ, ಇರುವ ಗಾಯವನ್ನೇ ಇನ್ನೊಬ್ಬರಿಗೆ ಕೊಡಿ. ಆ ಇನ್ನೊಬ್ಬರ ವಯಸ್ಸು, ಕಸುಬು, ಹಣ ಆ ಗಾಯವನ್ನು ಯಾವ ಕಡೆ ತಿರುಗಿಸುತ್ತದೆ ಎಂದು ಯೋಚಿಸಿ. ಥಾಮಸ್ ವೈದ್ಯನಾಗಿದ್ದು ಅಲಂಕಾರಕ್ಕಲ್ಲ. ಸುಟ್ಟ ಬ್ಯಾರಿ ಬದುಕಿದ್ದು ಅದರಿಂದಲೇ. ಉಡುಪಿನಲ್ಲಿ ಒಂದು ಬಣ್ಣ ಬದಲಾದರೆ ಸಾಕು, ಮುಳ್ಳು, ಸರಪಳಿ, ತಲೆಬುರುಡೆ ಬೇಡ. ಕೊನೆಗೆ, ಮರಳುವ ದಾರಿಗೆ ಬೆಲೆ ನಿಗದಿ ಮಾಡಿ. ಬ್ಯಾರಿ ಮರಳಬೇಕಾದರೆ ತನ್ನ ತಾಯಿ ಸಾಯುವುದನ್ನು ತಡೆಯದೆ ಬಿಡಬೇಕು. ಬೆಲೆಯಿಲ್ಲದೆ ಲೋಕ ಸರಿಹೋದರೆ, ಅದು ಕೆಟ್ಟಿದ್ದೂ ವ್ಯರ್ಥ.

ಆಮೇಲೆ ಕೆಟ್ಟದ್ದು ಎಲ್ಲಿ ಎಂದರೆ, ಥಾಮಸ್‌ನನ್ನು ಸುಮ್ಮನೆ ಬಿಡದೆ ಇದ್ದದ್ದರಲ್ಲಿ. ಐದನೇ ಸಂಚಿಕೆಯಲ್ಲಿ ಅವನು ಥಾನ್‌ನನ್ನು ಹಿಂದಿನಿಂದ ಕತ್ತಿಯಲ್ಲಿ ಇರಿದು ಕೊಲ್ಲುತ್ತಾನೆ, ಸಾಯುವ ಮೊದಲು ಮಗನಿಗೊಂದು ಕಾಗದ ಬರೆದು ಬ್ಯಾರಿಯ ಕೈಗಿಡುತ್ತಾನೆ. ಅಲ್ಲಿಗೆ ಅವನ ಕತೆ ತುಂಬಿಬಂದಿತ್ತು. 2017ರಲ್ಲಿ ‘ಬ್ಯಾಟ್‌ಮನ್’ ಮತ್ತು ‘ಫ್ಲ್ಯಾಶ್’ ಪತ್ರಿಕೆಗಳಲ್ಲಿ ಹಂಚಿ ಬಂದ ‘ದಿ ಬಟನ್’ ಕತೆಯಲ್ಲಿ ಥಾನ್ ಮತ್ತೆ ಬಂದು ಆ ಕಾಗದವನ್ನು ಹರಿದುಹಾಕುತ್ತಾನೆ, ಅಪ್ಪ-ಮಗ ಮುಖಾಮುಖಿಯಾಗುತ್ತಾರೆ, ಬ್ಯಾಟ್‌ಮನ್ ಆಗುವುದನ್ನು ಬಿಡು ಎಂದು ಥಾಮಸ್ ಹೇಳುತ್ತಾನೆ. ಅಷ್ಟಾದರೂ ಮಾರ್ಥಾಳ ಪ್ರಶ್ನೆಯ ಮುಂದುವರಿಕೆ ಎನ್ನಬಹುದು. 2019ರ ಹೊತ್ತಿಗೆ ಅದೇ ಥಾಮಸ್ ಮಗನನ್ನು ಮುರಿಯಲು ಬೇನ್ ಎಂಬ ಬ್ಯಾಟ್‌ಮನ್‌ನ ವೈರಿಯ ಜೊತೆ ಕೈಜೋಡಿಸಿದ ಖಳ. ಮಗ ಬದುಕಲಿ ಎಂದು ತನ್ನ ಲೋಕವನ್ನೇ ಅಳಿಸಲು ಒಪ್ಪಿದವನನ್ನು ಹಾಗೆ ತೋರಿಸಿದ್ದು ಆ ಪಾತ್ರಕ್ಕೆ ಮಾಡಿದ ಅನ್ಯಾಯ ಎಂದೇ ನನ್ನ ಅನಿಸಿಕೆ. ಪರ್ಯಾಯ ಲೋಕದ ಪಾತ್ರ ಆ ಲೋಕದ ಗಾಳಿಯಲ್ಲಿ ಮಾತ್ರ ಉಸಿರಾಡುತ್ತದೆ.

ಓದುವ ಕ್ರಮದ ಬಗ್ಗೆ ಒಂದು ಎಚ್ಚರಿಕೆ. ‘ಫ್ಲ್ಯಾಶ್‌ಪಾಯಿಂಟ್’ ಎಂಬ ಹೆಸರಿನ ಸಂಕಲನ ಕೊಂಡರೆ ಅದರಲ್ಲಿ ಮುಖ್ಯ ಐದು ಸಂಚಿಕೆಗಳಷ್ಟೇ ಇರುತ್ತವೆ, ಮಾರ್ಥಾಳ ಕತೆ ಇರುವುದಿಲ್ಲ. ಅದು ಇರುವುದು ‘ವರ್ಲ್ಡ್ ಆಫ್ ಫ್ಲ್ಯಾಶ್‌ಪಾಯಿಂಟ್’ ಸಂಕಲನಗಳ ಪೈಕಿ ಬ್ಯಾಟ್‌ಮನ್ ಹೆಸರಿರುವುದರಲ್ಲಿ, ಇನ್ನೂ ಮೂರು ಉಪಕತೆಗಳ ಜೊತೆಗೆ. ಎರಡನ್ನೂ ತರಿಸಿಕೊಳ್ಳಿ. ಬ್ಯಾರಿಯ ಹಿನ್ನೆಲೆ ಬೇಕೆನಿಸಿದರೆ 2009ರ ‘ರೀಬರ್ತ್’ ಓದಬಹುದು, ಕಡ್ಡಾಯವಲ್ಲ. ಮುಖ್ಯ ಕತೆಯ ಮೊದಲ ಸಂಚಿಕೆಯಿಂದ ಶುರುಮಾಡಿ. ಅದರ ನಂತರ ‘ನೈಟ್ ಆಫ್ ವೆಂಜನ್ಸ್’ನ ಒಂದು, ಎರಡು. ಆಮೇಲೆ ಮುಖ್ಯ ಕತೆಯ ಎರಡು, ಮೂರು, ನಾಲ್ಕು. ‘ನೈಟ್ ಆಫ್ ವೆಂಜನ್ಸ್’ನ ಮೂರನೆಯದನ್ನು ಇಲ್ಲಿಗೇ ಉಳಿಸಿಕೊಳ್ಳಬೇಕು, ಏಕೆಂದರೆ ಬ್ಯಾರಿ ಹೇಳಿದ ಲೋಕದ ಸುದ್ದಿ ಥಾಮಸ್‌ಗೆ ತಲುಪಿದ ಮೇಲೆ ನಡೆಯುವ ಕತೆ ಅದು, ಮೊದಲೇ ಓದಿದರೆ ಅವನು ಯಾವ ಲೋಕದ ಮಾತಾಡುತ್ತಿದ್ದಾನೆ ಎಂಬುದೇ ತಿಳಿಯುವುದಿಲ್ಲ. ಅದನ್ನು ಮುಗಿಸಿದ ಕೂಡಲೇ, ನಡುವೆ ಬೇರೇನೂ ಓದದೆ, ಮುಖ್ಯ ಕತೆಯ ಐದನೆಯದು.

ಆ ಐದನೇ ಸಂಚಿಕೆ ಅಂಗಡಿಗೆ ಬಂದದ್ದು 2011ರ ಆಗಸ್ಟ್ 31ರಂದು. ಅದೇ ದಿನ ಡಿಸಿ ತನ್ನ ಇಡೀ ಲೋಕವನ್ನು ಮೊದಲಿಂದ ಆರಂಭಿಸಿ ಹೊಸ ‘ಜಸ್ಟಿಸ್ ಲೀಗ್’ನ ಮೊದಲ ಸಂಚಿಕೆಯನ್ನೂ ತಂದಿತು. ಹಾಗಾಗಿ ಕೊನೆಯ ಪುಟಗಳಲ್ಲಿ ಒಂದಷ್ಟು ಜಾಹೀರಾತಿನ ವಾಸನೆ ಇದೆ. ಬ್ಯಾರಿ ಕಾಲದೊಳಗೆ ಓಡುವಾಗ ಮುಸುಕು ಹೊದ್ದ ಹೆಂಗಸೊಬ್ಬಳು ಕಾಣುವುದು ಮುಂದಿನ ಕತೆಗಳ ಸಲುವಾಗಿ. ಅದನ್ನು ದಾಟಿ ಬಿಡಿ. ಅದರಾಚೆ ಗುಹೆಯಿದೆ, ಈ ಸಲ ಒಳಗಿರುವುದು ಬ್ರೂಸ್. ಬ್ಯಾರಿ ಅವನ ಕೈಗೆ ಕಾಗದ ಕೊಡುತ್ತಾನೆ. ಅಕ್ಷರ ಯಾರದೆಂದು ಬ್ರೂಸ್‌ಗೆ ತಕ್ಷಣ ಗುರುತು ಸಿಗುತ್ತದೆ. ಓದುತ್ತಾ ಬ್ಯಾಟ್‌ಮನ್ ಅಳುತ್ತಾನೆ.